ಭುಜದ ಸ್ನಾಯುಗಳು: ಬಿಂಬ ತೋರಿಸುವುದೆಷ್ಟು, ಮರೆಸುವುದೆಷ್ಟು?

ಪಿಯುಸಿ ಮೊದಲ ವರ್ಷದ ಜೀವವಿಜ್ಞಾನ ಪಠ್ಯಪುಸ್ತಕದಲ್ಲಿ ಚಲನೆಯನ್ನು ಕುರಿತ ಅಧ್ಯಾಯವೊಂದಿದೆ. ನಮ್ಮ ಪದವಿಪೂರ್ವ ಕಾಲೇಜುಗಳು 2012ರಿಂದ ಬಳಸುತ್ತಿರುವ ಎನ್‌ಸಿಇಆರ್‌ಟಿ ಪುಸ್ತಕವದು. ಸ್ನಾಯುವಿನೊಳಗೆ ಆಕ್ಟಿನ್, ಮಯೋಸಿನ್ ಎಳೆಗಳು ಒಂದರ ಪಕ್ಕ ಒಂದು ಜಾರುವ ಬಗೆಯನ್ನು ಅಲ್ಲಿ ವಿವರವಾಗಿ ಹೇಳಿದೆ. ಸ್ಕ್ಯಾಪುಲಾ ಎಂಬ ತ್ರಿಕೋನಾಕಾರದ ಹೆಗಲ ಮೂಳೆ ಎರಡನೆಯ ಪಕ್ಕೆಲುಬಿನಿಂದ ಏಳನೆಯದರವರೆಗೆ ಇದೆ ಎಂದಿದೆ. ಭುಜದ ಕೀಲು ‘ಚೆಂಡು ಮತ್ತು ಗುಣಿ’ ಬಗೆಯದು ಎಂದೂ ಇದೆ. ಆದರೆ ಆ ಚೆಂಡನ್ನು ಆ ಗುಣಿಯಲ್ಲಿ ಆಡಿಸುವ ಸ್ನಾಯುಗಳಲ್ಲಿ ಒಂದರ ಹೆಸರೂ ಇಲ್ಲ. ಅಣುಮಟ್ಟದ ಸ್ನಾಯು ಇದೆ, ಒಣಗಿದ ಮೂಳೆ ಇದೆ. ನಡುವೆ ಇರಬೇಕಾದ ಭುಜ ಮಾತ್ರ ಕಾಣೆಯಾಗಿದೆ.

ಈ ಕೊರತೆಯನ್ನು ಉಪನ್ಯಾಸಕರು ತಮ್ಮದೇ ರೀತಿಯಲ್ಲಿ ತುಂಬುತ್ತಾರೆ. ಹಿಂದೆ ಗೋಡೆಗೆ ನೇತುಹಾಕುವ ಬಣ್ಣದ ನಕ್ಷೆ ಇತ್ತು. ಈಗ ಪರದೆಯ ಮೇಲೆ ಎಂಆರ್‌ಐ ಬಿಂಬ ಬರುತ್ತದೆ. ‘ಇದು ಚಿತ್ರಕಾರ ಬರೆದದ್ದಲ್ಲ, ಜೀವಂತ ಭುಜದ ನಿಜವಾದ ನೋಟ’ ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಇಲ್ಲಿ ಪರೀಕ್ಷಿಸಬೇಕಾಗಿರುವುದು ಆ ಮಾತನ್ನೇ. ಬಿಂಬ ಹೇಗೆ ತಯಾರಾಯಿತು ಎಂಬುದನ್ನು ಕಲಿಸದೆ ಬಿಂಬವನ್ನಷ್ಟೇ ತೋರಿಸಿದರೆ ಹಳೆಯ ನಕ್ಷೆಯ ತಪ್ಪುಗಳು ಹೊಸ ಅಧಿಕಾರದೊಡನೆ ಮುಂದುವರಿಯುತ್ತವೆ. ಅದರ ಬೆಲೆಯನ್ನು ತೆರುವವರು ವಿದ್ಯಾರ್ಥಿಗಳಷ್ಟೇ ಅಲ್ಲ.

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀಮೆಯಲ್ಲಿ ಗುಡೂರು ಎಂಬ ನೇಕಾರರ ಊರಿದೆ. ಇಳಕಲ್, ಸೂಳೇಬಾವಿ, ಕಮತಗಿ, ಗುಳೇದಗುಡ್ಡಗಳಂತೆ ಇಲ್ಲಿಯೂ ಮಗ್ಗದ ಸದ್ದು ಹೊಸದಲ್ಲ. ಭುಜದ ಅಂಗರಚನೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಕುಣಿಮಗ್ಗದಲ್ಲಿ ನೇಕಾರ ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ನೆಲಮಟ್ಟದಲ್ಲಿ ಕೂರುತ್ತಾನೆ. ಒಂದು ಕೈ ಹಗ್ಗ ಎಳೆದು ಲಾಳಿಯನ್ನು ಓಡಿಸುತ್ತದೆ. ಇನ್ನೊಂದು ಕೈ ಹಣಿಗೆಯ ಚೌಕಟ್ಟನ್ನು ತನ್ನತ್ತ ಎಳೆದು ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ, ಮತ್ತೆ ದೂರ ತಳ್ಳುತ್ತದೆ. ಲೆಕ್ಕಕ್ಕಾಗಿ ಅಂಗುಲಕ್ಕೆ 60 ಹೊಕ್ಕು ಎಂದಿಟ್ಟುಕೊಳ್ಳಿ. 6 ಗಜದ ಸೀರೆ ಎಂದರೆ 216 ಅಂಗುಲ. ಒಂದು ಸೀರೆ ಮುಗಿಯುವ ಹೊತ್ತಿಗೆ ಆ ತೋಳು 12,960 ಸಲ ಎಳೆದಿರುತ್ತದೆ. ಅಷ್ಟೂ ಸಲ ತೋಳು ಮೈಗೆ ಅಂಟಿಕೊಂಡಿರುವುದಿಲ್ಲ, ಮೇಲಕ್ಕೆ ಚಾಚಿಕೊಂಡೂ ಇರುವುದಿಲ್ಲ. ಪಕ್ಕೆಯಿಂದ ತುಸು ದೂರದಲ್ಲಿ ಗಾಳಿಯಲ್ಲಿ ನಿಂತಿರುತ್ತದೆ. ಹಾಗೆ ನಿಲ್ಲಿಸುವುದೂ ಒಂದು ಕೆಲಸವೇ.

ಈ ಕೆಲಸದ ಕಷ್ಟ ಅರ್ಥವಾಗಬೇಕಾದರೆ ‘ಚೆಂಡು ಮತ್ತು ಗುಣಿ’ ಎಂಬ ಹೆಸರನ್ನು ಸ್ವಲ್ಪ ಅನುಮಾನಿಸಬೇಕು. ತೊಡೆಯ ಸಂದಿನ ಕೀಲಿಗೆ ಆ ಹೆಸರು ಸರಿಯಾಗಿ ಒಪ್ಪುತ್ತದೆ. ಅಲ್ಲಿ ಗುಂಡು ಒರಳಿನಲ್ಲಿ ಕೂತ ಹಾಗೆ ಮೂಳೆಯ ತಲೆ ಆಳವಾದ ಗುಣಿಯಲ್ಲಿ ಕೂತಿದೆ. ಭುಜದಲ್ಲಿ ತೋಳಿನ ಮೂಳೆಯ ತಲೆ ದೊಡ್ಡದು, ಹೆಗಲ ಮೂಳೆಯ ಗುಣಿ ಚಿಕ್ಕದು ಮತ್ತು ಚಪ್ಪಟೆ. ತಲೆಯ ಮೇಲ್ಮೈ ಗುಣಿಯ ಮೂರು ನಾಲ್ಕು ಪಟ್ಟು ಇದೆ. ಬಸಿಯ ಮೇಲೆ ನಿಂಬೆಹಣ್ಣು ಇಟ್ಟು, ಬಸಿಯನ್ನು ಓರೆಯಾಗಿ ಹಿಡಿದುಕೊಂಡು ಓಡಾಡಿದ ಹಾಗೆ. ಹಣ್ಣು ಬೀಳದಂತೆ ಅದನ್ನು ಬಸಿಗೆ ಒತ್ತಿ ಹಿಡಿಯುವವರು ಬೇಕು. ಆ ಕೆಲಸವನ್ನು ನಾಲ್ಕು ಸ್ನಾಯುಗಳು ಮಾಡುತ್ತವೆ. ಹೆಗಲ ಮೂಳೆಯ ಹಿಂಬದಿಯಲ್ಲಿ ಅಡ್ಡಕ್ಕೆ ಒಂದು ಏಣು ಇದೆ, ಕೈಯಿಂದ ಮುಟ್ಟಿದರೆ ಸಿಗುತ್ತದೆ. ಆ ಏಣಿನ ಮೇಲಿರುವುದು ಸುಪ್ರಾಸ್ಪೈನೇಟಸ್. ಕೆಳಗಿರುವುದು ಇನ್‌ಫ್ರಾಸ್ಪೈನೇಟಸ್. ಅದರ ಕೆಳಗೆ ಸಣ್ಣದಾದ ಟೆರೀಸ್ ಮೈನರ್. ಮೂಳೆಯ ಮುಂಬದಿಯಲ್ಲಿ, ಪಕ್ಕೆಲುಬುಗಳಿಗೆ ಮುಖಮಾಡಿ ಸಬ್‌ಸ್ಕ್ಯಾಪುಲಾರಿಸ್. ಇವುಗಳ ಸ್ನಾಯುರಜ್ಜುಗಳು ಅಂಗಿಯ ತೋಳಿನ ತುದಿಪಟ್ಟಿಯಂತೆ ತೋಳಿನ ಮೂಳೆಯ ತಲೆಯನ್ನು ಸುತ್ತುತ್ತವೆ. ಆದ್ದರಿಂದಲೇ ರೊಟೇಟರ್ ಕಫ್ ಎಂಬ ಹೆಸರು. ಹೊರಗೆ ಕಾಣುವ ದಪ್ಪ ಡೆಲ್ಟಾಯ್ಡ್ ಸ್ನಾಯು ತೋಳನ್ನು ಎತ್ತಲು ಹೊರಟಾಗ ಮೊದಮೊದಲು ಮೂಳೆಯನ್ನು ಬಹುಮಟ್ಟಿಗೆ ಮೇಲಕ್ಕೇ ಎಳೆಯುತ್ತದೆ. ಕಫ್‌ನ ಕೆಳಗಿನ ಸ್ನಾಯುಗಳು ಅದನ್ನು ಕೆಳಕ್ಕೂ ಒಳಕ್ಕೂ ಎಳೆಯುತ್ತವೆ. ಭೌತವಿಜ್ಞಾನದಲ್ಲಿ ಓದುವ ಬಲಯುಗ್ಮವೇ ಇದು. ಎರಡೂ ಎಳೆತ ಸೇರಿದಾಗ ತಲೆ ಸರಿದುಹೋಗದೆ ತನ್ನ ಜಾಗದಲ್ಲೇ ತಿರುಗುತ್ತದೆ.

ಇನ್ನು ಬಿಂಬಗಳಿಗೆ ಬರೋಣ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಡೆಲ್ಟಾಯ್ಡ್ ಮತ್ತು ಕಫ್ ಸ್ನಾಯುಗಳನ್ನು ಗುರುತಿಸಿ ವಿವರಿಸಬೇಕು ಎಂದಿದೆ. ಬಿಂಬದ ವಿಷಯಕ್ಕೆ ಬಂದಾಗ ಭುಜದ ಭಾಗದ ಕ್ಷ-ಕಿರಣ ಚಿತ್ರದಲ್ಲಿ ಮೂಳೆಗಳನ್ನೂ ಕೀಲುಗಳನ್ನೂ ಗುರುತಿಸಬೇಕು ಎಂದಿದೆ. ಸರಿಯೇ. ಆದರೆ ಕ್ಷ-ಕಿರಣ ಚಿತ್ರದಲ್ಲಿ ಈ ನಾಲ್ಕು ಸ್ನಾಯುಗಳೂ ಒಂದೇ ಬೂದು ಮಸುಕು. ಪಕ್ಕಪಕ್ಕದ ಎರಡು ಸ್ನಾಯುಗಳು ಕಿರಣವನ್ನು ಹೀರುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಸ್ನಾಯುವನ್ನು ಹೆಣದಲ್ಲಿ ಕಲಿತು, ಜೀವಂತ ದೇಹದಲ್ಲಿ ಮೂಳೆಯನ್ನಷ್ಟೇ ನೋಡಿ ಮುಂದೆ ಹೋಗುವ ವಿದ್ಯಾರ್ಥಿಗೆ, ಕೆಲವು ವರ್ಷಗಳ ನಂತರ ರೋಗಿಯೊಬ್ಬರ ಎಂಆರ್‌ಐ ಫಿಲ್ಮು ಕೈಗೆ ಬಂದಾಗ ಅದು ಮೊದಲ ಭೇಟಿಯಾಗಿರುತ್ತದೆ. ಸೇತುವೆ ಕಟ್ಟಬೇಕಾದ ಜಾಗದಲ್ಲಿ ನಾವು ಕಂದಕ ಬಿಟ್ಟಿದ್ದೇವೆ.

ಎಂಆರ್‌ಐ ಎಂದರೆ ಕಾಂತೀಯ ಅನುರಣನ ಬಿಂಬಣ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೊಜನ್ ಬೀಜಗಳು ಪ್ರಬಲ ಕಾಂತಕ್ಷೇತ್ರದಲ್ಲಿ ಒಂದು ನಿರ್ದಿಷ್ಟ ಆವೃತ್ತಿಗೆ ಸ್ಪಂದಿಸುತ್ತವೆ. 1.5 ಟೆಸ್ಲಾ ಯಂತ್ರದಲ್ಲಿ ಅದು ಸುಮಾರು 64 ಮೆಗಾಹರ್ಟ್ಸ್, ಅಂದರೆ ರೇಡಿಯೊ ತರಂಗ. ತರಂಗ ನಿಂತ ಮೇಲೆ ಆ ಬೀಜಗಳಿಂದ ಬರುವ ಮಾರುಲಿ ಅಂಗಾಂಶದಿಂದ ಅಂಗಾಂಶಕ್ಕೆ ಬೇರೆ ಬೇರೆ ವೇಗದಲ್ಲಿ ಆರಿಹೋಗುತ್ತದೆ. ಆ ವ್ಯತ್ಯಾಸವನ್ನು ಕಪ್ಪು-ಬಿಳುಪಾಗಿ ತೋರಿಸುತ್ತಾರೆ. ಈ ವಿಧಾನಕ್ಕಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ಬಂತು. ಇಷ್ಟು ಪಾಠವನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಸಂಗತಿ ಬೇರೆ ಇದೆ.

ಸ್ನಾಯುರಜ್ಜುವಿನಲ್ಲಿ ನೀರು ಕೊಲ್ಲಾಜೆನ್ ತಂತುಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದರ ಮಾರುಲಿ ಯಂತ್ರ ಕೇಳಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ಆದ್ದರಿಂದ ಆರೋಗ್ಯವಂತ ರಜ್ಜು ಬಿಂಬದಲ್ಲಿ ಕಪ್ಪು. ಗಟ್ಟಿ ಮೂಳೆಯ ಹೊರಪದರವೂ ಕಪ್ಪು. ಗಾಳಿಯೂ ಕಪ್ಪು. ಅಂದರೆ ಭುಜದಲ್ಲಿ ನಾವು ಅತ್ಯಂತ ಮುಖ್ಯವಾಗಿ ನೋಡಬೇಕಾದ ಭಾಗ, ಬಿಂಬದಲ್ಲಿ ಏನೂ ಇಲ್ಲದ ಜಾಗದಂತೆ ಕಾಣುತ್ತದೆ! ರಜ್ಜು ಹರಿದು ಆ ಸಂದಿಗೆ ದ್ರವ ತುಂಬಿದರೆ ಕೆಲವು ಬಗೆಯ ಬಿಂಬಗಳಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ‘ಕಪ್ಪು ಒಳ್ಳೆಯದು, ಬಿಳಿ ಕೆಟ್ಟದ್ದು’ ಎಂಬ ಸೂತ್ರ ವಿದ್ಯಾರ್ಥಿಯ ತಲೆಗೆ ಬೇಗ ಹತ್ತುತ್ತದೆ. ಹತ್ತಿದ ಮೇಲೆ ಇಳಿಸುವುದು ಕಷ್ಟ.

ಏಕೆಂದರೆ ಬಿಳಿ ಯಾವಾಗಲೂ ಕೆಟ್ಟದ್ದಲ್ಲ. ರಜ್ಜುವಿನ ತಂತುಗಳು ಯಂತ್ರದ ಮುಖ್ಯ ಕಾಂತಕ್ಷೇತ್ರದೊಡನೆ ಯಾವ ಕೋನದಲ್ಲಿವೆ ಎಂಬುದರ ಮೇಲೆ ಮಾರುಲಿ ಆರುವ ವೇಗ ನಿಂತಿದೆ. ಆ ಕೋನದ ಕೊಸೈನಿನ ವರ್ಗವನ್ನು 3ರಿಂದ ಗುಣಿಸಿ 1 ಕಳೆಯಿರಿ. ಆ ಬೆಲೆ ಸೊನ್ನೆಯಾದಾಗ, ಮಾರುಲಿಯನ್ನು ಬೇಗ ಆರಿಸುತ್ತಿದ್ದ ಪ್ರೋಟಾನುಗಳ ಪರಸ್ಪರ ಪ್ರಭಾವವೂ ಸೊನ್ನೆಯಾಗುತ್ತದೆ. ಪಿಯುಸಿ ವಿದ್ಯಾರ್ಥಿಯೇ ಲೆಕ್ಕ ಮಾಡಬಹುದು: ಕೊಸೈನಿನ ವರ್ಗ 1/3 ಆಗಬೇಕು, ಕೋನ ಸುಮಾರು 54.7 ಡಿಗ್ರಿ. ಆ ಕೋನದಲ್ಲಿರುವ ರಜ್ಜು ಪೂರ್ತಿ ಆರೋಗ್ಯವಾಗಿದ್ದರೂ ಕೆಲವು ಬಿಂಬಗಳಲ್ಲಿ ಬೆಳ್ಳಗಾಗುತ್ತದೆ. ಇದಕ್ಕೆ ‘ಮಾಯಾಕೋನ’ ಎನ್ನುತ್ತಾರೆ. ಸುಪ್ರಾಸ್ಪೈನೇಟಸ್‌ನ ರಜ್ಜು ಮೂಳೆಯ ತಲೆಯ ಮೇಲೆ ಬಾಗಿ ಇಳಿಯುತ್ತದೆ. ಬಾಗಿ ಇಳಿಯುವ ಹಾದಿಯಲ್ಲಿ ಎಲ್ಲೋ ಒಂದು ಕಡೆ ಅದು 55 ಡಿಗ್ರಿಯ ಆಸುಪಾಸು ದಾಟಲೇಬೇಕು. ಹರಿತಗಳು ಹೆಚ್ಚಾಗಿ ಕಾಣುವ ಜಾಗವೂ ಅದರ ಹತ್ತಿರವೇ ಇದೆ. ಅನುಭವಿ ತಜ್ಞರು ಮಾರುಲಿಯನ್ನು ಹೆಚ್ಚು ಹೊತ್ತು ಕಾದು ತೆಗೆದ ಬಿಂಬದೊಡನೆ ಹೋಲಿಸಿ ನಿಜ-ಸುಳ್ಳು ಬೇರ್ಪಡಿಸುತ್ತಾರೆ. ಒಂದೇ ಬಿಂಬವನ್ನು ಪರದೆಗೆ ಹಾಕಿ ‘ನೋಡಿ, ಹರಿದಿದೆ’ ಎನ್ನುವ ತರಗತಿಯಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಶ್ರವಣಾತೀತ ಧ್ವನಿಯ ಬಿಂಬದಲ್ಲಿ ಇದೇ ಮೋಸ ತಿರುಗುಮುರುಗಾಗಿ ನಡೆಯುತ್ತದೆ. ಭುಜಕ್ಕೆ ಬಳಸುವ 12 ಮೆಗಾಹರ್ಟ್ಸ್ ಧ್ವನಿ ದೇಹದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಭಾಗಿಸಿದರೆ ತರಂಗಾಂತರ 0.13 ಮಿಲಿಮೀಟರ್. ಎಂಆರ್‌ಐ ಪದರಗಳು ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ದಪ್ಪ ಎಂಬುದನ್ನು ನೆನೆದರೆ, ಚಿಕ್ಕ ಯಂತ್ರ ಕೆಲವು ವಿವರಗಳಲ್ಲಿ ದೊಡ್ಡ ಯಂತ್ರವನ್ನು ಮೀರಿಸುವುದು ಏಕೆಂದು ತಿಳಿಯುತ್ತದೆ. ಇಲ್ಲಿ ಆರೋಗ್ಯವಂತ ರಜ್ಜು ಬೆಳ್ಳಗೆ ಕಾಣುತ್ತದೆ. ಆದರೆ ಧ್ವನಿ ತಂತುಗಳಿಗೆ ಲಂಬವಾಗಿ ಬೀಳದೆ ಕೆಲವೇ ಡಿಗ್ರಿ ಓರೆಯಾದರೂ ಪ್ರತಿಧ್ವನಿ ಬೇರೆ ಕಡೆ ಹೋಗುತ್ತದೆ, ರಜ್ಜು ಕಪ್ಪಾಗಿ ಹರಿದಂತೆ ತೋರುತ್ತದೆ. ರೇಷ್ಮೆ ಸೆರಗನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಅದರ ಮಿಂಚು ಬದಲಾಗುವುದನ್ನು ನೇಕಾರರ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಎಳೆಗಳೆಲ್ಲ ಒಂದೇ ದಿಕ್ಕಿಗೆ ಇರುವ ಯಾವ ವಸ್ತುವೂ ನೋಡುವ ಕೋನಕ್ಕೆ ತಕ್ಕಂತೆ ಬೇರೆಯಾಗಿ ಕಾಣುತ್ತದೆ. ಭೌತವಿಜ್ಞಾನದ ತರಗತಿಗೂ ಜೀವವಿಜ್ಞಾನದ ತರಗತಿಗೂ ನಡುವಿನ ಗೋಡೆಯನ್ನು ಕೆಡವಲು ಇಷ್ಟೊಂದು ಒಳ್ಳೆಯ ಅವಕಾಶವನ್ನು ನಾವು ಬಳಸಿಕೊಂಡಿಲ್ಲ.

ಬಿಂಬದ ಇನ್ನೊಂದು ಮಿತಿ ಇದಕ್ಕಿಂತ ಸರಳ. ಎಂಆರ್‌ಐ ತೆಗೆಯುವಾಗ ವ್ಯಕ್ತಿ ಅಂಗಾತ ಮಲಗಿರುತ್ತಾನೆ, ತೋಳು ಮೈಪಕ್ಕ ಇರುತ್ತದೆ, ಅಲುಗಾಡುವಂತಿಲ್ಲ. ಯಾವ ಕೆಲಸವನ್ನೂ ಮಾಡದ ಭುಜದ ಬಿಂಬ ಅದು. ಕೆಲಸದ ಬಗ್ಗೆ ಅದರಿಂದ ತೀರ್ಮಾನಕ್ಕೆ ಬರುವುದು ನಿಂತ ಮಗ್ಗವನ್ನು ನೋಡಿ ಸೀರೆಯ ಬಗ್ಗೆ ಮಾತಾಡಿದಂತೆ. ಭುಜದ ಪಾಠದಲ್ಲಿ ಇಂಥ ತೀರ್ಮಾನವೊಂದು ದಶಕಗಳಿಂದ ಬೇರೂರಿದೆ.

ಅನೇಕ ಅಂಗರಚನಾ ಪುಸ್ತಕಗಳು ಹೀಗೆ ಹೇಳುತ್ತವೆ: ತೋಳನ್ನು ಪಕ್ಕಕ್ಕೆ ಎತ್ತುವಾಗ ಮೊದಲ 15 ಡಿಗ್ರಿ ಸುಪ್ರಾಸ್ಪೈನೇಟಸ್‌ನ ಕೆಲಸ, ಆಮೇಲೆ ಡೆಲ್ಟಾಯ್ಡ್ ವಹಿಸಿಕೊಳ್ಳುತ್ತದೆ. ಓಟದ ಪಂದ್ಯದಲ್ಲಿ ಕೋಲು ದಾಟಿಸಿದ ಹಾಗೆ. ಪರೀಕ್ಷೆಯಲ್ಲಿ ಕೇಳಲು ಅನುಕೂಲವಾದ ವಾಕ್ಯ. ಸ್ನಾಯುವಿನ ಜಾಗವನ್ನು ನೋಡಿದರೆ ಹಾಗೆಯೇ ಅನ್ನಿಸುತ್ತದೆ ಕೂಡ. ಆದರೆ 1944ರಲ್ಲೇ ಅಮೆರಿಕದ ಇನ್ಮನ್, ಸಾಂಡರ್ಸ್ ಮತ್ತು ಆಬಟ್ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿ, ಎರಡೂ ಸ್ನಾಯುಗಳು ತೋಳೆತ್ತುವ ಉದ್ದಕ್ಕೂ ಒಟ್ಟಿಗೇ ದುಡಿಯುತ್ತವೆ ಎಂದು ತೋರಿಸಿದ್ದರು. 1963ರಲ್ಲಿ ವಾನ್ ಲಿಂಗೆ ಮತ್ತು ಮುಲ್ಡರ್ ಇನ್ನೂ ನೇರವಾದ ಪ್ರಯೋಗ ಮಾಡಿದರು. ಸುಪ್ರಾಸ್ಪೈನೇಟಸ್‌ಗೆ ಹೋಗುವ ನರಕ್ಕೆ ಅರಿವಳಿಕೆ ಕೊಟ್ಟು ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದರು. ಅದೇ ನರ ಇನ್‌ಫ್ರಾಸ್ಪೈನೇಟಸ್‌ಗೂ ಹೋಗುವುದರಿಂದ ಅದೂ ಸುಮ್ಮನಾಯಿತು. ಆದರೂ ಜನ ತೋಳನ್ನು ಸೊನ್ನೆಯಿಂದಲೇ ಎತ್ತಿದರು, ಪೂರ್ತಿ ಎತ್ತಿದರು. ಕಡಿಮೆಯಾದದ್ದು ಬಲ. 2013ರಲ್ಲಿ ಆಸ್ಟ್ರೇಲಿಯದ ರೀಡ್ ಮತ್ತು ಸಂಗಡಿಗರು ಮತ್ತೆ ಅಳೆದು, ಸುಪ್ರಾಸ್ಪೈನೇಟಸ್ ಉಳಿದ ಸ್ನಾಯುಗಳಿಗಿಂತ ಮೊದಲು ಶುರುಮಾಡುವುದಿಲ್ಲ ಎಂದರು. ಇಷ್ಟಾದರೂ 15 ಡಿಗ್ರಿಯ ವಾಕ್ಯ ಸಾಯಲಿಲ್ಲ. ಈಗ ಅದು ಎಂಆರ್‌ಐ ಬಿಂಬದ ಮೇಲೆ ಬಾಣದ ಗುರುತಾಗಿ ಕಾಣಿಸಿಕೊಳ್ಳುತ್ತಿದೆ. ಚಿತ್ರ ಆಧುನಿಕ, ಅಡಿಬರಹ ಹಳತು. ವಿಜ್ಞಾನ ಕಲಿಸುವವರಿಗೆ ಇದು ಸಣ್ಣ ವಿಷಯವಾಗಿ ಕಾಣಬಾರದು.

ಹಾಗೆಂದು ಹೆಣದ ವಿಚ್ಛೇದನ ಹಳತಾಯಿತು, ಅದರಿಂದ ಕಲಿಯುವುದು ಮುಗಿಯಿತು ಎಂದೂ ಭಾವಿಸಬೇಡಿ. ಕಫ್‌ನ ರಜ್ಜುಗಳು ಮೂಳೆಗೆ ಎಲ್ಲಿ ಅಂಟಿಕೊಳ್ಳುತ್ತವೆ ಎಂಬ ಮೂಲಭೂತ ಪ್ರಶ್ನೆಗೆ ಉತ್ತರ ಬದಲಾದದ್ದು 2008ರಲ್ಲಿ, ಅದೂ ಹೆಣಗಳ ಮೇಲೆ ಚಾಕು ಹಿಡಿದು ಮಾಡಿದ ಕೆಲಸದಿಂದ. ಜಪಾನಿನ ಮೊಚಿಜುಕಿ ಮತ್ತು ಸಂಗಡಿಗರು ಸುಪ್ರಾಸ್ಪೈನೇಟಸ್ ಅಂಟಿರುವ ಜಾಗ ಪುಸ್ತಕಗಳು ಹೇಳುವುದಕ್ಕಿಂತ ತುಂಬ ಚಿಕ್ಕದು, ಆ ಜಾಗದ ಹೆಚ್ಚಿನ ಪಾಲು ಇನ್‌ಫ್ರಾಸ್ಪೈನೇಟಸ್‌ನದು ಎಂದು ತೋರಿಸಿದರು. ಅಷ್ಟು ವರ್ಷ ‘ಸುಪ್ರಾಸ್ಪೈನೇಟಸ್ ಮಾತ್ರ ಹರಿದಿದೆ’ ಎಂದು ಬಿಂಬ ನೋಡಿ ಬರೆದವರು ಎಷ್ಟು ಸಲ ನೆರೆಮನೆಯವನ ಗಾಯವನ್ನು ಇವನ ಲೆಕ್ಕಕ್ಕೆ ಬರೆದಿದ್ದರೋ! ಇನ್ನೊಂದು ಸಂಗತಿ: 1992ರಲ್ಲಿ ಕ್ಲಾರ್ಕ್ ಮತ್ತು ಹ್ಯಾರಿಮನ್ ತೋರಿಸಿದಂತೆ ಈ ರಜ್ಜುಗಳು ಮೂಳೆ ಸೇರುವ ಮೊದಲೇ ಒಂದರೊಳಗೊಂದು ಹೆಣೆದುಕೊಂಡು ಒಂದೇ ಹಾಳೆಯಾಗುತ್ತವೆ. ಬಿಂಬದ ಮೇಲೆ ನಾವು ಎಳೆಯುವ ಗಡಿಗೆರೆ ಆ ಹಾಳೆಯಲ್ಲಿ ಇಲ್ಲ.

ದೇಹದಾನದ ಮಹತ್ವ ಇಲ್ಲಿದೆ. ನಮ್ಮಲ್ಲಿ 1957ರ ಅಂಗರಚನಾ ಕಾಯಿದೆ ವಿಚ್ಛೇದನಕ್ಕೆ ದೇಹ ಒದಗಿಸುವ ವ್ಯವಸ್ಥೆ ಮಾಡಿತು. ಕಾಯಿದೆಗಿಂತ ಹೆಚ್ಚು ಜನರ ಮನಸ್ಸು ಮುಟ್ಟಿದ್ದು 2010ರ ಘಟನೆ. ಬೆಳಗಾವಿಯಲ್ಲಿ ಅಂಗರಚನೆಯ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ಇಚ್ಛೆಯಂತೆ ಅವರ ದೇಹವನ್ನು ವಿದ್ಯಾರ್ಥಿಗಳ ಎದುರು ತಾವೇ ವಿಚ್ಛೇದಿಸಿದರು. ಪರದೆಯ ಮೇಲಿನ ‘ಕಾಲ್ಪನಿಕ ವಿಚ್ಛೇದನ’ವನ್ನು ಅದಕ್ಕೆ ಸಮನಾದ ಬದಲಿ ಎಂದು ಹೇಳುವವರು ಆ ಪರದೆಯ ಮೂಲವನ್ನು ಕೇಳಬೇಕು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1994ರಲ್ಲಿ ಹೊರತಂದ ಪ್ರಸಿದ್ಧ ‘ಗೋಚರ ಮಾನವ’ ಬಿಂಬಮಾಲೆ ಒಬ್ಬನೇ ಗಂಡಸಿನ ದೇಹ, 1 ಮಿಲಿಮೀಟರ್ ಅಂತರದ 1,871 ಪದರಗಳಲ್ಲಿ. ಆತ ಮರಣದಂಡನೆಗೆ ಒಳಗಾದ 39 ವರ್ಷದ ಕೈದಿ. 1995ರ ಮಹಿಳೆಯ ಮಾಲೆಯೂ ಒಂದೇ ದೇಹ. ಅಮೂಲ್ಯ ಕೆಲಸವೇ. ಆದರೆ ಭುಜದಿಂದ ಭುಜಕ್ಕೆ ಇರುವ ವ್ಯತ್ಯಾಸವನ್ನು ಒಂದು ದೇಹ ಹೇಗೆ ಕಲಿಸೀತು? ನಲವತ್ತು ವರ್ಷ ಹಗ್ಗ ಎಳೆದ ತೋಳು ಆ ಮಾಲೆಯಲ್ಲಿ ಇಲ್ಲ.

ಇನ್ನು ಎಲ್ಲಕ್ಕಿಂತ ಗಂಭೀರವಾದ ಮಾತು. ಭುಜ ನೋಯುವ ನೇಕಾರನೊಬ್ಬ ಪಟ್ಟಣಕ್ಕೆ ಹೋಗಿ ಸ್ಕ್ಯಾನ್ ಮಾಡಿಸುತ್ತಾನೆ ಎಂದುಕೊಳ್ಳೋಣ. ವರದಿಯಲ್ಲಿ ಸುಪ್ರಾಸ್ಪೈನೇಟಸ್ ‘ಟೇರ್’ ಎಂದು ಇರುತ್ತದೆ. ಕನ್ನಡದಲ್ಲಿ ಯಾರೋ ಹೇಳುತ್ತಾರೆ: ‘ನಿಮ್ಮ ನರ ಹರದೈತ್ರಿ.’ ಮೊದಲಿಗೆ ಅದು ನರವಲ್ಲ, ಸ್ನಾಯುರಜ್ಜು. ಎರಡನೆಯದಾಗಿ, ಹರಿದದ್ದು ಎಂಬ ಮಾತು ನೇಕಾರನ ಕಿವಿಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಯೋಚಿಸಿ. ಹರಿದ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. ತನ್ನ ಭುಜವೂ ಹಾಗೆ ಕೆಟ್ಟುಹೋಯಿತು, ಇನ್ನು ಮಗ್ಗಕ್ಕೆ ಕೂರುವಂತಿಲ್ಲ ಎಂದು ಅವನು ತಿಳಿದರೆ ತಪ್ಪು ಅವನದಲ್ಲ.

ಬಿಂಬದಲ್ಲಿ ಹರಿತ ಕಾಣುವುದಕ್ಕೂ ನೋವಿಗೂ ಇರುವ ಸಂಬಂಧ ನಾವು ಊಹಿಸುವಷ್ಟು ನೇರವಾಗಿಲ್ಲ. 1995ರಲ್ಲಿ ಷೆರ್ ಮತ್ತು ಸಂಗಡಿಗರು ಭುಜದ ಯಾವ ತೊಂದರೆಯೂ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿದರು. 34 ಶೇಕಡ ಜನರಲ್ಲಿ ಅರೆ ಅಥವಾ ಪೂರ್ಣ ಹರಿತ ಕಂಡಿತು. 60 ದಾಟಿದವರಲ್ಲಿ ಅದು 54 ಶೇಕಡ. ಹದಿನೈದು ವರ್ಷಗಳ ನಂತರ, 2010ರಲ್ಲಿ, ಯಾಮಮೊಟೊ ಮತ್ತು ಸಂಗಡಿಗರು ಜಪಾನಿನ ಒಂದು ಬೆಟ್ಟದ ಹಳ್ಳಿಯ 683 ನಿವಾಸಿಗಳ 1,366 ಭುಜಗಳನ್ನು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. 20.7 ಶೇಕಡ ಭುಜಗಳಲ್ಲಿ ಪೂರ್ಣ ಹರಿತ ಇತ್ತು. ತೊಂದರೆಯೇ ಇಲ್ಲದವರಲ್ಲೂ 16.9 ಶೇಕಡ. ವಯಸ್ಸು, ಹೆಚ್ಚು ಬಳಸುವ ಕೈ, ಹಿಂದೆ ಆದ ಪೆಟ್ಟು ಇವು ಮುಖ್ಯ ಕಾರಣಗಳೆಂದು ತೋರಿದವು. ಇವರು ಆಸ್ಪತ್ರೆಗೆ ಬಂದ ರೋಗಿಗಳಲ್ಲ, ಊರಿನಲ್ಲಿ ಓಡಾಡಿಕೊಂಡಿದ್ದವರು ಎಂಬುದನ್ನು ಗಮನಿಸಬೇಕು. ಆಸ್ಪತ್ರೆಯ ಬಿಂಬಗಳನ್ನು ಮಾತ್ರ ನೋಡಿದವರಿಗೆ ಹರಿತವೆಂದರೆ ರೋಗ. ಊರನ್ನೇ ನೋಡಿದವರಿಗೆ ಅದರಲ್ಲಿ ಬಹುಪಾಲು ತಲೆಗೂದಲು ನರೆತ ಹಾಗೆ.

ಬಿಂಬದಲ್ಲಿ ಕಂಡದ್ದಕ್ಕೆ ಶಸ್ತ್ರಚಿಕಿತ್ಸೆ ಮಾಡುವ ಅಭ್ಯಾಸಕ್ಕೂ ಇದೇ ಪಾಠ ಅನ್ವಯಿಸುತ್ತದೆ. ಹೆಗಲ ಮೂಳೆಯ ಅಕ್ರೋಮಿಯನ್ ಎಂಬ ಚಾಚು ಕೆಳಗಿನ ರಜ್ಜುವಿಗೆ ಉಜ್ಜಿ ಅದನ್ನು ಸವೆಸುತ್ತದೆ ಎಂದು 1972ರಲ್ಲಿ ನೀರ್ ಎಂಬ ಶಸ್ತ್ರವೈದ್ಯರು ವಾದಿಸಿದರು. ಆ ಚಾಚನ್ನು ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹಬ್ಬಿತು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ, ಪೂರ್ಣ ಹರಿತ ಇರದ ರೋಗಿಗಳಲ್ಲಿ ಕೆಲವರಿಗೆ ಮೂಳೆ ಕೆರೆದರು, ಕೆಲವರಿಗೆ ಒಳಗೆ ನೋಡಿ ಏನೂ ತೆಗೆಯದೆ ಮುಚ್ಚಿದರು. ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿತ್ರದಲ್ಲಿ ಮುಳ್ಳು ಕಂಡಿತ್ತು ನಿಜ. ಚುಚ್ಚುತ್ತಿದ್ದದ್ದು ಅದೇ ಎಂದು ಚಿತ್ರ ಹೇಳಿರಲಿಲ್ಲ.

ಇದನ್ನು ಓದಿ ಸ್ಕ್ಯಾನ್ ಬೇಡ ಎಂದು ಯಾರೂ ತಿಳಿಯಬಾರದು. ಬಿದ್ದು ಪೆಟ್ಟಾಗಿ ಇದ್ದಕ್ಕಿದ್ದಂತೆ ತೋಳೆತ್ತಲು ಆಗದವರಿಗೆ ಬಿಂಬ ತಡಮಾಡದೆ ಬೇಕು. ಏಕೆಂದರೆ ಹರಿದ ರಜ್ಜುವಿನ ಹಿಂದಿನ ಸ್ನಾಯು ಕಾಲಕ್ರಮೇಣ ಕೊಬ್ಬಾಗಿ ಮಾರ್ಪಡುತ್ತದೆ. ಫ್ರಾನ್ಸಿನ ಗೂಟಾಲಿಯೆ 1994ರಲ್ಲಿ ಸಿಟಿ ಬಿಂಬಗಳನ್ನು ನೋಡಿ ಇದಕ್ಕೆ 0ಯಿಂದ 4ರವರೆಗೆ ಐದು ದರ್ಜೆ ಕೊಟ್ಟರು. ದರ್ಜೆ ಮೇಲೇರಿದ ಮೇಲೆ ರಜ್ಜುವನ್ನು ಹೊಲಿದರೂ ಸ್ನಾಯು ಹಿಂದಿನಂತಾಗುವುದು ಕಷ್ಟ. ಬಿಂಬಣದ ಅತಿ ಉಪಯುಕ್ತ ಕೊಡುಗೆಗಳಲ್ಲಿ ಇದೊಂದು ಎಂದು ನನ್ನ ಅಭಿಪ್ರಾಯ. ಎಲ್ಲರ ಕಣ್ಣು ಹರಿತದ ಬಿಳಿ ಗೆರೆಯ ಮೇಲಿರುವಾಗ, ಫಿಲ್ಮಿನ ಮೂಲೆಯಲ್ಲಿ ಸ್ನಾಯುವಿನ ತಿರುಳು ಎಷ್ಟು ಉಳಿದಿದೆ ಎಂದು ನೋಡುವವರು ಕಡಿಮೆ.

ಹಾಗಾದರೆ ತರಗತಿಯಲ್ಲಿ ಏನು ಮಾಡಬಹುದು? ಶ್ರವಣಾತೀತ ಯಂತ್ರವನ್ನೇ ಶಾಲೆಗೆ ತರುವುದು ಸುಲಭವಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಎಲ್ಲೆಂದರಲ್ಲಿ ಒಯ್ಯುವಂತಿಲ್ಲ. ಕಾಯಿದೆಗೆ ಬಲವಾದ ಕಾರಣ ಇದೆ, ಭುಜದ ಪಾಠಕ್ಕಾಗಿ ಅದನ್ನು ಸಡಿಲಿಸಿ ಎನ್ನುವುದು ಸಲ್ಲದು. ಬದಲು ವಿದ್ಯಾರ್ಥಿಗಳೇ ಯಂತ್ರದ ಬಳಿ ಹೋಗಬಹುದು. ಬಾಗಲಕೋಟೆಯಲ್ಲಿ 2002ರಿಂದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆ. ಗುಡೂರಿನ ವಿಜ್ಞಾನ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಇಂಥ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಹೋಗಿ, ಒಂದೇ ಭುಜವನ್ನು ಮೂಳೆಯಾಗಿ, ವಿಚ್ಛೇದಿತ ದೇಹದಲ್ಲಿ, ಬಿಂಬದಲ್ಲಿ ಅಕ್ಕಪಕ್ಕ ನೋಡಿದರೆ ಇಡೀ ಅಧ್ಯಾಯ ಬೇರೆಯಾದೀತು.

ಯಂತ್ರವಿಲ್ಲದೆ ಮಾಡಬಹುದಾದದ್ದೂ ಬಹಳ ಇದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸಿ, ಸಹಪಾಠಿ ಅಂಗೈಯಿಂದ ಅದನ್ನು ತಡೆಯಲಿ. ಇನ್ನೊಂದು ಕೈಯ ಬೆರಳು ಹೆಗಲ ಮೂಳೆಯ ಏಣಿನ ಕೆಳಗೆ ಇಟ್ಟರೆ ಇನ್‌ಫ್ರಾಸ್ಪೈನೇಟಸ್ ಗಟ್ಟಿಯಾಗುವುದು ತಿಳಿಯುತ್ತದೆ. ಯಾವ ಎಂಆರ್‌ಐ ಫಿಲ್ಮೂ ಇದನ್ನು ತೋರಿಸದು. ಆಮೇಲೆ ಕೋನಮಾಪಕ ತೆಗೆದುಕೊಳ್ಳಿ. ತೆಳು ಅಂಗಿಯ ಮೇಲಿಂದಲೇ ಹೆಗಲ ಮೂಳೆಯ ಒಳ ಅಂಚಿನ ಮೇಲ್ತುದಿ, ಕೆಳತುದಿ ಗುರುತಿಸಿ ಎರಡು ಕಾಗದದ ಚುಕ್ಕೆ ಅಂಟಿಸಿ. ಪಕ್ಕದಲ್ಲಿ ತೂಗುಗುಂಡು ಇಳಿಬಿಟ್ಟು, ಆ ಅಂಚು ಲಂಬರೇಖೆಯೊಡನೆ ಮಾಡುವ ಕೋನ ಬರೆದುಕೊಳ್ಳಿ. ತೋಳನ್ನು 30, 60, 90 ಡಿಗ್ರಿಗೆ ಎತ್ತಿಸಿ, ಪ್ರತಿ ಸಲ ಕೆಳತುದಿಯನ್ನು ಹೊಸದಾಗಿ ಮುಟ್ಟಿ ಚುಕ್ಕೆಯನ್ನು ಸರಿಸಿ ಅಳೆಯಿರಿ. ಚರ್ಮದ ಕೆಳಗೆ ಮೂಳೆ ಜಾರುವುದರಿಂದ ಹೀಗೆ ಸರಿಸುವುದು ಅಗತ್ಯ. ಪೂರ್ತಿ 180 ಡಿಗ್ರಿ ಎತ್ತಿದಾಗ ಸುಮಾರು 120 ತೋಳಿನ ಕೀಲಿನದು, 60 ಹೆಗಲ ಮೂಳೆಯ ತಿರುಗಾಟದ್ದು ಎಂದು ಇನ್ಮನ್ ಮತ್ತು ಸಂಗಡಿಗರು 1944ರಲ್ಲಿ ಲೆಕ್ಕ ಹಾಕಿದ್ದರು. ಕಾಡ್‌ಮನ್ 1934ರಲ್ಲೇ ಈ ಜೊತೆ ಚಲನೆಗೆ ‘ಲಯ’ ಎಂದು ಹೆಸರಿಟ್ಟಿದ್ದರು. ನಿಮ್ಮ ಅಳತೆ ಎರಡಕ್ಕೆ ಒಂದು ಎಂಬ ಅನುಪಾತಕ್ಕೆ ಸರಿಯಾಗಿ ಹೊಂದುವುದಿಲ್ಲ. ಮೊದಲ 30 ಡಿಗ್ರಿಯಲ್ಲಿ ಹೆಗಲ ಮೂಳೆ ಅಷ್ಟಾಗಿ ಅಲುಗದಿರುವುದೂ ಉಂಟು, ಒಬ್ಬರಿಂದೊಬ್ಬರಿಗೆ ವ್ಯತ್ಯಾಸವೂ ಉಂಟು. ಆ ವ್ಯತ್ಯಾಸಗಳ ಪಟ್ಟಿಯನ್ನು ಹಾಗೆಯೇ ಇಟ್ಟುಕೊಳ್ಳಿ, ಪುಸ್ತಕದ ಅಂಕಿಗೆ ತಿದ್ದಬೇಡಿ.

ಗುಡೂರಿನಂಥ ಊರಿನಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಹಗ್ಗ ಎಳೆಯುವ ತೋಳೂ ಹಣಿಗೆ ಬಡಿಯುವ ತೋಳೂ ಒಂದೇ ಕೆಲಸ ಮಾಡುವುದಿಲ್ಲ. ಮನೆಯ ಹಿರಿಯ ನೇಕಾರರ ಒಪ್ಪಿಗೆ ಪಡೆದು, ಮಗ್ಗದ ಹಿಂದೆ ನಿಂತು ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರೀಕರಿಸಿ. ನಿಧಾನಗತಿಯಲ್ಲಿ ನೋಡುತ್ತ ಎಡ-ಬಲ ಹೆಗಲ ಮೂಳೆಗಳ ಕೆಳತುದಿ ಒಂದೇ ಮಟ್ಟದಲ್ಲಿದೆಯೇ, ಲಾಳಿ ಓಡುವ ಕ್ಷಣದಲ್ಲಿ ಯಾವುದು ಎಷ್ಟು ಸರಿಯುತ್ತದೆ, ನಿಮಿಷಕ್ಕೆ ಎಷ್ಟು ಎಳೆತ ಎಂದು ಬರೆದುಕೊಳ್ಳಿ. ನೋವಿದೆಯೇ, ಯಾವ ತೋಳಿನಲ್ಲಿ, ಎಷ್ಟು ವರ್ಷದಿಂದ ಎಂದು ಕೇಳಿ ಅದೇ ಪುಟದ ಮುಂದಿನ ಕಲಮಿನಲ್ಲಿ ಗುರುತು ಹಾಕಿ.